ಜಂಟಿ ಸಂಶೋಧನೆಯ ಲಾಭ ರೋಗಿಗೂ ಸಿಗಲಿ

ಔಷಧ ಸಂಶೋಧನೆಗೆ ಕೇಂದ್ರ ಸರ್ಕಾರ 2023ರಲ್ಲಿ ₹5,000 ಕೋಟಿಯ ಯೋಜನೆ ತಂದಿದ್ದು ಒಳ್ಳೆಯದೇ, ಆದರೆ ಆ ಹಣದಿಂದ ಹುಟ್ಟುವ ಔಷಧಿ ರೋಗಿಯ ಕೈಗೆಟುಕುವಂತೆಯೂ ಇರಬೇಕು ಅಲ್ವಾ?

ನಮ್ಮ ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ ಉದಾಹರಣೆಯನ್ನೇ ನೋಡಿ. ಅದು ತಯಾರಿಸಿದ, ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಸುಮ್ನೆ ಪುಡಿ ಬೆರೆಸಿ ಮಾಡುವ ಮಾತ್ರೆಯಲ್ಲ. ಜೀವಕೋಶಗಳಲ್ಲಿ ಬೆಳೆಸಬೇಕು, ಬೇರೆ ಕಂಪನಿ ಮೊದಲು ತಂದ ಮೂಲ ಔಷಧಿಗೆ ಸಮ ಎಂದು ರೋಗಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಬೇಕು, ಒಂದೇ ಕಂಪನಿಗೆ ಆ ಖರ್ಚು ತುಂಬಾ ಭಾರ. ಅಮೆರಿಕದ ಮೈಲಾನ್ ಕಂಪನಿ ಜೊತೆ 2009ರಲ್ಲಿ ಕೈಜೋಡಿಸಿ ಖರ್ಚು ಹಂಚಿಕೊಂಡಿದ್ದಕ್ಕೇ 2014ರಲ್ಲಿ ಅದು ಇಲ್ಲಿ ಮೂಲ ಔಷಧಿಗಿಂತ ಸುಮಾರು ಕಾಲು ಭಾಗ ಕಡಿಮೆ ಬೆಲೆಗೆ ಬಂತು, 2017ರಲ್ಲಿ ಅಮೆರಿಕದಲ್ಲಿ ಮಾರಲು ಒಪ್ಪಿಗೆಯೂ ಸಿಕ್ಕಿತು. ಹೆಮ್ಮೆಯ ವಿಷಯ. ಆದರೂ 2014ರಲ್ಲಿ ಇಲ್ಲಿ 440 ಮಿ.ಗ್ರಾಂ. ಬಾಟಲಿಯ ಬೆಲೆ ₹50,000 ದಾಟಿತ್ತು! ಮೂರು ವಾರಕ್ಕೊಮ್ಮೆ, ಸುಮಾರು ಒಂದು ವರ್ಷ ಹಾಕಿಸಿಕೊಳ್ಳುವ ಇಂಜೆಕ್ಷನ್ ಇದು. ಪೈಪೋಟಿ ಜಾಸ್ತಿಯಾದ ಮೇಲೆ ಬೆಲೆ ಇಳಿದಿದೆ ನಿಜ, ಅಲ್ಲಿಯವರೆಗೆ ಕೂಲಿ ಮಾಡುವವರು ದುಡ್ಡು ಎಲ್ಲಿಂದ ತರಬೇಕಿತ್ತು?

ಸರ್ಕಾರದ ನೆರವು ಪಡೆದ ಜಂಟಿ ಸಂಶೋಧನೆಯ ಔಷಧಿಗಳನ್ನು ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳಿಗೆ ಮೊದಲೇ ನಿಗದಿಯಾದ ಬೆಲೆಗೆ ಕೊಡಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಲಿ.

– ಓದುಗ, ದಾವಣಗೆರೆ