ಶನಿವಾರದ ಸಭೆಗೆ ಹಳೇ ಗೇಣಿಚೀಟಿ ತನ್ನಿ

ಸಮಾಜ ವಿಜ್ಞಾನದ ಮಾಷ್ಟ್ರುಗಳಿಗೂ ಟೀಚರುಗಳಿಗೂ ನಮಸ್ಕಾರ.

ಶನಿವಾರದ ಕ್ಲಸ್ಟರ್ ಸಭೆಗೆ ಬರುವಾಗ ಮನೆಯಲ್ಲಿ ಹಳೇ ಗೇಣಿಚೀಟಿ (ಜಮೀನು ಗೇಣಿಗೆ, ಅಂದರೆ ಬಾಡಿಗೆಗೆ, ಕೊಟ್ಟದ್ದರ ಪತ್ರ), ಕ್ರಯಪತ್ರ ಏನಾದರೂ ಇದ್ದರೆ ತನ್ನಿ. ಜೆರಾಕ್ಸ್ ಸಾಕು, ಹೆಸರು, ಸರ್ವೆ ನಂಬರ್ ಮುಚ್ಚಿ. 1956ರ ನವೆಂಬರ್ 1ಕ್ಕಿಂತ ಹಿಂದಿನದಾದರೆ ಇನ್ನೂ ಒಳ್ಳೆಯದು. ಈಗ ಕೇರಳದಲ್ಲಿರುವ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ರಾಜ್ಯ ವಿಂಗಡಣೆಯ ಪಾಠಕ್ಕೆ ಬೇರೆ ಪೀಠಿಕೆಯೇ ಬೇಡ.

ಮಕ್ಕಳ ಕೈಗೆ ಭೂತಕನ್ನಡಿ ಕೊಟ್ಟು ಮೊದಲು ಬರೀ ನೋಡಲು ಬಿಡೋಣ. ಗೇಣಿ ಎಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆಯ ಅಳತೆ) ಅಕ್ಕಿ? ರುಜು ಯಾರದ್ದು, ಹೆಬ್ಬೆಟ್ಟು ಯಾರದ್ದು? ಒಕ್ಕಲಿನವರ ಮಾತು ಇದರಲ್ಲಿ ಎಲ್ಲಾದರೂ ಇದೆಯಾ? ಉತ್ತರ ನಾವು ಹೇಳಿಬಿಡಬಾರದು (ನಮಗೆ ಅದೇ ಕಷ್ಟ!). ಆಮೇಲೆ, 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು ಎಂದರೆ ತಲೆಗೆ ಹೋಗುತ್ತದೆ.

ಬೇಕಲ ಕೋಟೆಯ ವಿಷಯ ಮುಂದಿನ ಸಲ. ಯಾರ ಹತ್ತಿರ ಏನಿದೆ ಅಂತ ಗುರುವಾರದೊಳಗೆ ಇಲ್ಲೇ ತಿಳಿಸಿ.