ಜಿಲ್ಲೆಯ ಆರೋಗ್ಯದ ಲೆಕ್ಕ ಜನರಿಗೆ ಗೊತ್ತಾಗಲಿ

ಮಾನ್ಯರೇ,

ರಾಜ್ಯ ಬಜೆಟ್ ಜೊತೆ ಬರುವ ಲಿಂಕ್ ಪುಸ್ತಕದಲ್ಲಿ ಪ್ರತಿ ಜಿಲ್ಲಾ ಪಂಚಾಯಿತಿಗೆ ಆರೋಗ್ಯಕ್ಕೆಂದು ಕೊಟ್ಟ ಹಣದ ವಿವರ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಸಂಬಳ ಬೇಕೇ ಬೇಕು, ತಕರಾರಿಲ್ಲ. ಆದರೆ ಔಷಧಿಗೆ, ಕಟ್ಟಡ ರಿಪೇರಿಗೆ ಉಳಿಯುವುದೆಷ್ಟು? ನಮ್ಮ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ಬಿಪಿ ಮಾತ್ರೆ ಮುಗಿದರೆ ಚೀಟಿ ಬರೆದು ಹೊರಗಿನ ಅಂಗಡಿಗೆ ಕಳಿಸುತ್ತಾರೆ. ಕೂಲಿಗೆ ಹೋಗುವ ಅಜ್ಜಿ ತಿಂಗಳಿಗೆ ಬೇಕಾದಷ್ಟು ಕೊಳ್ಳಲಾಗದೆ ಬರೀ ಹತ್ತು ಮಾತ್ರೆ ಕತ್ತರಿಸಿ ಕೊಡಿ ಅನ್ನುತ್ತಾರೆ. ಇದು ಸರಿನಾ?

ಆರೋಗ್ಯದ ಹಣದಲ್ಲಿ ಮೂರನೇ ಎರಡು ಪಾಲಾದರೂ ಪ್ರಾಥಮಿಕ ಆರೈಕೆಗೆ, ಅಂದರೆ ಇಂಥ ಕೇಂದ್ರಗಳ ಮಟ್ಟದ ಚಿಕಿತ್ಸೆಗೆ, ಸಿಗಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ. ಕೇಂದ್ರದ ತೆರಿಗೆ ಹಣ ರಾಜ್ಯಗಳಿಗೆ ಹೇಗೆ ಹಂಚಬೇಕೆಂದು ಹೇಳುವ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ದೇಶಕ್ಕೆಲ್ಲ ಸೇರಿ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ನಮ್ಮ ಜಿಲ್ಲೆಯ ಪಾಲು ಎಲ್ಲಿ ಖರ್ಚಾಯಿತು ಅಂತ ಯಾರನ್ನು ಕೇಳೋಣ? 2021ರಲ್ಲಿ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಎಲ್ಲವೂ ಅಧಿಕಾರಿಗಳ ಕೈಯಲ್ಲೇ.

ಸರ್ಕಾರ ಇನ್ನು ಸುಮ್ನೆ ಕೂರಬಾರದು. ಪ್ರತಿ ಕೇಂದ್ರದ ಗೋಡೆಯ ಮೇಲೆ ಮೂರು ತಿಂಗಳಿಗೊಮ್ಮೆ ಬಂದ ಹಣ, ಆದ ಖರ್ಚು, ಮಾತ್ರೆಗಳ ದಾಸ್ತಾನು ಬರೆಸಲಿ. ಕೇಂದ್ರದ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಲಿ.

– ಒಬ್ಬ ಓದುಗ