ನಮ್ಮ ಬ್ಯಾಂಡ್ ಸಿನಿಮಾ ಎರಡನೇ ವಾರಕ್ಕೆ: ಕೆಲವರಿಗೆ ದೊಡ್ಡ ಥ್ಯಾಂಕ್ಸ್

ಮೈಸೂರು, ಮಂಡ್ಯ ಎರಡೂ ಕಡೆ ನಮ್ಮ ಸಿನಿಮಾ ಎರಡನೇ ವಾರಕ್ಕೆ ಕಾಲಿಟ್ಟಿದೆ. ಸ್ಟಾರ್ ಇಲ್ಲ, ಫೈಟ್ ಇಲ್ಲ. ಮಂಡ್ಯ ಕಡೆಯ ನಾಲ್ವರು ಹುಡುಗರು ರಾಕ್ ಬ್ಯಾಂಡ್ ಕಟ್ಟಿಕೊಂಡು ಆಡಿಯೋ ಕಂಪನಿಗಳಿಗೆ ಅಲೆಯುವ ಹಾಸ್ಯದ ಕಥೆ, ಅಷ್ಟೇ. ಆದರೂ ಜನ ಬರುತ್ತಿದ್ದಾರೆ, ನಗುತ್ತಿದ್ದಾರೆ. ಇದಕ್ಕೆ ಕಾರಣರಾದವರ ಹೆಸರು ಸಿನಿಮಾದ ಕೊನೆಯಲ್ಲಿ ಬರುತ್ತದೆ. ಆದರೆ ಅಷ್ಟೊತ್ತಿಗೆ ಥಿಯೇಟರಿನಲ್ಲಿ ಲೈಟ್ ಹಾಕಿ ಬಾಗಿಲು ತೆಗೆದಿರುತ್ತಾರೆ, ಅಲ್ವಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಹೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮೊದಲ ಥ್ಯಾಂಕ್ಸ್ ಮೈಸೂರಿನ ನಮ್ಮ ವಕೀಲ ಮೇಡಂಗೆ. ಕಾಂಟ್ರಾಕ್ಟ್ ಸೀನ್ ನೋಡಿ ಜನ ಬಿದ್ದು ಬಿದ್ದು ನಗುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹುಟ್ಟಿದ್ದು. ಕಾಪಿರೈಟ್ ಕಾನೂನಿನ ಪ್ರಕಾರ, ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಎಷ್ಟು ಅಂತ ಇಲ್ಲದಿದ್ದರೆ ಅದು 5 ವರ್ಷ ಮಾತ್ರ. ಯಾವ ಜಾಗಕ್ಕೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. "ಅದಕ್ಕೇ ಕಂಪನಿಯವರು ಶಾಶ್ವತವಾಗಿ, ಇಡೀ ಬ್ರಹ್ಮಾಂಡಕ್ಕೆ ಅಂತ ಬರೆಸ್ಕೊಳ್ಳೋದು ಕಣಪ್ಪಾ" ಎಂದರು ಮೇಡಂ. ನಮ್ಮ ಬೇಸ್ ಗಿಟಾರ್ ಹುಡುಗ "ಹಂಗಾದ್ರೆ ಚಂದ್ರನ ಮೇಲೆ ಹಾಡು ಹಾಕುದ್ರೆ ನಮ್ಗೇನೂ ಇಲ್ವಾ ಸಾರ್?" ಎಂದು ಕೇಳುವುದು ಅಲ್ಲಿಂದಲೇ ಬಂದದ್ದು.

ಕಥೆಯ ಮುಖ್ಯ ತಿರುವನ್ನು ಕೊಟ್ಟವರೂ ಅವರೇ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ, ಅಂದರೆ ಹಾಡು ಬಳಸಿದಾಗ ಬರುವ ದುಡ್ಡಿನ, ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಈ ವಿಷಯ ಗೊತ್ತಾದ ರಾತ್ರಿಯೇ ಬ್ಯಾಂಡ್ ಒಡೆಯುತ್ತದೆ. ಅಲ್ಲಿವರೆಗೆ "ನಮ್ಮ ಹಾಡು" ಎನ್ನುತ್ತಿದ್ದ ನಾಲ್ವರೂ "ರಾಗ ನಾನೇ ಹಾಕಿದ್ದು ಕಣ್ಲಾ" ಎಂದು ಶುರು ಮಾಡುತ್ತಾರೆ. ಡ್ರಮ್ಮರ್ ಅಂತೂ "ಡುಂ ಡುಂ ಅನ್ನೋದೂ ರಾಗಾನೇ" ಎಂದು ಜಗಳಕ್ಕೆ ನಿಲ್ಲುತ್ತಾನೆ. ಕಾನೂನು ಪುಸ್ತಕದಿಂದ ಇಷ್ಟು ಕಾಮಿಡಿ ಹಿಂಡಬಹುದು ಅಂತ ನನಗೆ ಗೊತ್ತಿರಲಿಲ್ಲ. ಮೇಡಂ ಫೀಸು ತಗೊಳ್ಳಲಿಲ್ಲ. ಫಸ್ಟ್ ಶೋಗೆ ಬಂದು, ಕೋರ್ಟ್ ಸೀನಿನಲ್ಲಿ ಕೋಟು ಸರಿಯಿಲ್ಲ ಅಂತ ಮಾತ್ರ ಹೇಳಿ ಹೋದರು.

ಇನ್ನು ಸ್ತ್ರೀಶಕ್ತಿ ಸಂಘದ ಅಮ್ಮಂದಿರು. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡಾದರೂ ಕೇಳಿದರೆ ಮಾತ್ರ ಲೆಕ್ಕ. 2024ರಿಂದ, 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ದುಡ್ಡೇ ಇಲ್ಲ. ಮೊದಲನೆಯದಕ್ಕೆ ನಮ್ಮ ಸಿನಿಮಾದಲ್ಲಿ ಬ್ಯಾಂಡಿನ ಮ್ಯಾನೇಜರ್ ಹಾಡನ್ನೇ 31 ಸೆಕೆಂಡಿಗೆ ಕತ್ತರಿಸುತ್ತಾನೆ. ಎರಡನೆಯದಕ್ಕೆ ಗಾಯಕನ ತಾಯಿ ತನ್ನ ಸಂಘವನ್ನೇ ಇಳಿಸುತ್ತಾಳೆ. ಸಾಲದ ಕಂತು ಬರೆಯುವ ಪುಸ್ತಕದಲ್ಲೇ ಯಾರು ಎಷ್ಟು ಸಲ ಹಾಡು ಕೇಳಿದರು ಅನ್ನುವ ಲೆಕ್ಕ! ಇಷ್ಟು ನಾನು ಬರೆದದ್ದು. ಆ ಪಾತ್ರಗಳನ್ನು ಮಾಡಿದವರು ನಿಜವಾದ ಸಂಘದವರು. ಒಬ್ಬರು ಕ್ಯಾಮೆರಾ ಓಡುತ್ತಿದ್ದಾಗಲೇ "ಒಂದ್ ಕಿತ ಕೇಳುದ್ರೆ ಏಟ್ ಬತ್ತದೆ?" ಎಂದು ಕೇಳಿದರು. ಉತ್ತರ ಕೇಳಿ, "ಅದ್ರ ಬದ್ಲು ನಾವೇ ಚಂದಾ ಎತ್ಕೊಟ್ಬುಡ್ತೀವಿ ಬುಡು" ಎಂದುಬಿಟ್ಟರು. ಮಂಡ್ಯದಲ್ಲಿ ಈ ಮಾತಿಗೆ ಬಿದ್ದಷ್ಟು ಶಿಳ್ಳೆ ನನ್ನ ಯಾವ ಡೈಲಾಗಿಗೂ ಬಿದ್ದಿಲ್ಲ. ಅಮ್ಮಾ, ಸಂಭಾಷಣೆಯಲ್ಲಿ ನಿಮಗೂ ಪಾಲಿದೆ. ವಕೀಲ ಮೇಡಂ ಓದುತ್ತಿದ್ದಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹಾಡುಗಳನ್ನು ಮಾಡಿದ ಮೈಸೂರಿನ ಹುಡುಗರಿಗೆ ಏನು ಹೇಳಲಿ. ಕಾಮಿಡಿ ಸಿನಿಮಾ ತಾನೇ, ಹಾಡು ಸುಮಾರಾಗಿದ್ದರೂ ನಡೆಯುತ್ತೆ ಅಂತ ತುಂಬಾ ಜನ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಹಾಡು ಕೆಟ್ಟದಾಗಿದ್ದರೆ ನಾವು ಆ ಹುಡುಗರನ್ನು ನೋಡಿ ನಗುತ್ತೇವೆ. ಹಾಡು ಚೆನ್ನಾಗಿದ್ದರೆ ಕಂಪನಿಯವರನ್ನು ನೋಡಿ ನಗುತ್ತೇವೆ. ನನಗೆ ಬೇಕಿದ್ದದ್ದು ಎರಡನೆಯ ನಗು. ಅದಕ್ಕಾಗಿ ಅವರು ಒಂದೊಂದು ಹಾಡನ್ನೂ ನಿಜವಾದ ಆಲ್ಬಮ್ ತರುವಂತೆ ಕೂತು ಮಾಡಿದರು. ಡ್ರಮ್ಸ್ ಕಲಿತು ನಟಿಸಿದವನಿಗೂ ಒಂದು ನಮಸ್ಕಾರ. ಮಾತು ರೆಕಾರ್ಡ್ ಆಗಬೇಕಾದ ಕಡೆ ಸದ್ದು ಬರಬಾರದು ಅಂತ ಡ್ರಮ್ಮಿಗೆ ಫೋಮ್ ಹಾಸಿರುತ್ತಿದ್ದೆವು. ಬೆವರು ಸುರಿಸಿ ಬಾರಿಸಿದರೂ ಸದ್ದಿಲ್ಲ. ದಿಂಬಿಗೆ ಹೊಡೆದ ಹಾಗಿದೆ ಅಂತ ಗೊಣಗುತ್ತಲೇ ಮಾಡಿದ.

ಎತ್ತಿನಗಾಡಿಯಲ್ಲಿ ಡ್ರಮ್ ಸೆಟ್ ಹೋಗುವ ಸೀನ್ ಇದೆಯಲ್ಲ, ಅದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಎತ್ತುಗಳ ಆರೋಗ್ಯ ಪತ್ರ ಬೇಕು. ಬರೆದುಕೊಟ್ಟ ಪಶು ವೈದ್ಯರಿಗೆ ವಂದನೆ. ಇಡೀ ಯುನಿಟ್‌ನಲ್ಲಿ ಫಿಟ್ ಅಂತ ಸೀಲು ಬಿದ್ದದ್ದು ಆ ಜೋಡೆತ್ತಿಗೆ ಮಾತ್ರ.

ಬಿಡುಗಡೆಗೆ ಸ್ವಲ್ಪ ದಿನ ಇದ್ದಾಗ, ಹಂಚಿಕೆಗೆ ಒಪ್ಪಿದ್ದ ಒಬ್ಬರು ಕೈ ಎತ್ತಿದರು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆಗ ಮೈಸೂರಿನ ಹವ್ಯಾಸಿ ನಾಟಕ ತಂಡಗಳ ಗೆಳೆಯರು ನಾಟಕದ ಟಿಕೆಟ್ ಮಾರುವ ಹಾಗೆಯೇ ನಮ್ಮ ಟಿಕೆಟ್ ಮಾರಿದರು. ಕಾಲೇಜು, ಕಾಂಡಿಮೆಂಟ್ಸ್ ಅಂಗಡಿ, ಮಾನಸಗಂಗೋತ್ರಿಯ ಹಾಸ್ಟೆಲ್ ಎಲ್ಲ ಕಡೆ ಹೋದರು. ಮೊದಲ ಶನಿವಾರ ಹೌಸ್‌ಫುಲ್ ಆಗಿದ್ದು ಅವರಿಂದ.

ಕೊನೆಯದು ಮಂಡ್ಯದ ಹತ್ತಿರದ ಆಲೆಮನೆ ಯಜಮಾನರಿಗೆ. ಬ್ಯಾಂಡ್ ಪ್ರಾಕ್ಟೀಸ್ ಮಾಡುವ ಶೆಡ್ ಅವರದೇ. ಗಾಣ ತಿರುಗುವ ಕಡೆ ಯಾರೂ ಸದ್ದು ಅಂತ ಬೈಯುವುದಿಲ್ಲ ಅನ್ನುವುದೇ ಕಥೆಯ ಐಡಿಯಾ. ತಗಡಿನ ಶೆಡ್ಡಿನಲ್ಲಿ ಮಾತು ಗಿಂಯ್ ಅಂತ ಮೊಳಗುತ್ತಿತ್ತು. ಅವರು ಒಣಗಿದ ಕಬ್ಬಿನ ಸಿಪ್ಪೆಯನ್ನು ಗೋಡೆಯುದ್ದಕ್ಕೂ ಒಟ್ಟಿಸಿದ ಮೇಲೆ ಕಡಿಮೆಯಾಯಿತು. ನಮ್ಮ ಸೌಂಡ್ ಇಂಜಿನಿಯರ್ ಇವತ್ತಿಗೂ ಅದನ್ನೇ ಹೊಗಳುತ್ತಾನೆ. ಅಣ್ಣಾ, ನಿಮ್ಮ ಕರೆಂಟ್ ಬಿಲ್ಲಿನ ದುಡ್ಡು ಭಾನುವಾರ ತರುತ್ತೇವೆ. ಹೋದ ಸಲದ ಹಾಗೆ ಬೇಡ ಅಂದು ಬೆಲ್ಲದ ಅಚ್ಚು ಕೈಗಿಟ್ಟು ಕಳಿಸಬೇಡಿ. ದುಡ್ಡೂ ತಗೊಳ್ಳಿ, ಬೆಲ್ಲಾನೂ ಕೊಡಿ.